ಕಾಡುಕೋಣಕ್ಕೊಂದು ಕಾನೂನು, ಎತ್ತಿಗೊಂದು ಕಾನೂನು

ಜೋಯಿಡಾದ ಕಾಡಂಚಿನ ಗದ್ದೆಗೆ ಇಳಿದ ಕಾಡುಕೋಣವನ್ನು ಯಾರಾದರೂ ಉರುಳು ಹಾಕಿ ಕೊಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬರುತ್ತದೆ. ಅದು ಮೊದಲ ಪರಿಚ್ಛೇದದ ಪ್ರಾಣಿ. ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 2023ರ ಏಪ್ರಿಲ್‌ವರೆಗೆ ಕನಿಷ್ಠ 10,000 ರೂಪಾಯಿ ಇತ್ತು, ಈಗ 25,000. ತನಿಖೆಗೆ ಪ್ರತ್ಯೇಕ ಇಲಾಖೆ ಇದೆ, ಬಂಧಿಸುವ ಅಧಿಕಾರ ಇರುವ ಅಧಿಕಾರಿ ಇದ್ದಾನೆ. ಅದೇ ಊರಿನ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ ಬೆನ್ನು ಬಿರಿಯುವಂತೆ ಬಾರುಕೋಲಿನಿಂದ ಹೊಡೆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಅನ್ವಯವಾಗುತ್ತದೆ. ಮೊದಲ ಬಾರಿಯ ತಪ್ಪಿಗೆ ದಂಡ 10 ರೂಪಾಯಿಗೆ ಕಡಿಮೆ ಇಲ್ಲದಂತೆ, 50 ರೂಪಾಯಿಗೆ ಮೀರದಂತೆ.

ಇದು ಅಚ್ಚಿನ ತಪ್ಪಲ್ಲ. 1960ರಲ್ಲಿ ಬರೆದ ಗರಿಷ್ಠ ಮೊತ್ತ ಇಂದಿಗೂ ಹಾಗೆಯೇ ಇದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಕಾಡು ಮುಗಿಯುವುದೆಲ್ಲಿ, ಕೊಟ್ಟಿಗೆ ಶುರುವಾಗುವುದೆಲ್ಲಿ ಎಂದು ಗೆರೆ ಎಳೆಯುವುದು ಕಷ್ಟ. ದನಗರ ಗೌಳಿಗಳ ಎಮ್ಮೆಗಳು ಹುಲಿ ಓಡಾಡುವ ಹಾದಿಯಲ್ಲೇ ಮೇಯುತ್ತವೆ. ಆದರೆ ಕಾನೂನು ಆ ಗೆರೆಯನ್ನು ಗಟ್ಟಿಯಾಗಿಯೇ ಎಳೆದಿದೆ. ಗೆರೆಯ ಈಚೆ ಇರುವ, ನಮ್ಮ ಜೊತೆಗೇ ದುಡಿದು ಬದುಕುವ ಪ್ರಾಣಿಗೆ ಕೋರ್ಟಿನಲ್ಲಿ ನ್ಯಾಯ ಕೇಳುವವರು ಯಾರು ಎಂಬ ಪ್ರಶ್ನೆ ನೂರೈವತ್ತು ವರ್ಷಗಳಿಗೂ ಹಳೆಯದು. 2014ರಿಂದ 2023ರ ನಡುವಿನ ಒಂಬತ್ತು ವರ್ಷಗಳಲ್ಲಿ ಅದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೂ ಹೋಗಿ ಬಂತು. ಆ ಪ್ರಯಾಣದಲ್ಲಿ ಕರಾವಳಿಯ ಕೋಣ, ತಮಿಳುನಾಡಿನ ಗೂಳಿ, ಮುಂಡಗೋಡ–ಹಾವೇರಿ ಕಡೆಯ ಕೊಬ್ಬರಿ ಹೋರಿ ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಲ್ಪಟ್ಟವು.

ರೈಲು ಬರುವ ಮುಂಚೆ ಈ ಭಾಗದ ವ್ಯಾಪಾರವೆಲ್ಲ ಎತ್ತಿನ ಹೆಗಲ ಮೇಲಿತ್ತು. 1862ರಲ್ಲಿ ಕೆನರಾದ ಉತ್ತರದ ಭಾಗ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾದ ಕಾಲ ಅದು. ಧಾರವಾಡ, ಹುಬ್ಬಳ್ಳಿಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರು ಸೇರುತ್ತಿದ್ದದ್ದು ಬಂಡಿಗಳಲ್ಲಿ. ಸೂಪಾ, ದಾಂಡೇಲಿ ಕಾಡಿನ ಸಾಗವಾನಿ ಹಳಿಯಾಳದತ್ತ ಬರುತ್ತಿದ್ದದ್ದೂ ಎತ್ತು, ಕೋಣಗಳ ಬಲದಿಂದಲೇ. 1880ರ ದಶಕದ ಕೊನೆಗೆ ಇಂದಿನ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಮೂಲಕ ಮುರಗಾಂವಕ್ಕೆ ರೈಲು ಓಡುವವರೆಗೂ ಆ ಭಾರಕ್ಕೆ ಬೇರೆ ಹೆಗಲಿರಲಿಲ್ಲ.

ಪ್ರಾಣಿಗಳ ಪರವಾಗಿ ಕಾನೂನು ಕೇಳುವ ಸಂಸ್ಥೆಗಳು ಹುಟ್ಟಿದ್ದು ಇದೇ ಕಾಲದಲ್ಲಿ, ಬಂಡಿ ಎಳೆಯುವ ಪ್ರಾಣಿಗಳನ್ನು ನೋಡಿಯೇ. ಇಂಗ್ಲೆಂಡಿನ ಸಂಸತ್ತು 1822ರಲ್ಲಿ ದನಕರುಗಳಿಗೆ ಹಿಂಸೆ ಕೊಡುವುದರ ವಿರುದ್ಧ ಕಾಯ್ದೆ ಮಾಡಿತ್ತು. ಕೋಲ್ಕತ್ತಾದಲ್ಲಿ 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಪ್ರಾಣಿದಯಾ ಸಂಘ ಕಟ್ಟಿದರು. ಮುಂಬಯಿಯಲ್ಲಿ 1874ರಲ್ಲಿ ಅಂಥದೇ ಸಂಘ ಬಂತು. ಇಡೀ ಬ್ರಿಟಿಷ್ ಇಂಡಿಯಾಕ್ಕೆಂದು 1890ರಲ್ಲಿ ಕಾಯ್ದೆಯಾಯಿತು. ಅದರ ದೃಷ್ಟಿ ಮಾತ್ರ ಬೀದಿಗೆ ಸೀಮಿತವಾಗಿತ್ತು. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ನಡೆದ ಹಿಂಸೆಯೇ ಅದಕ್ಕೆ ಅಪರಾಧ. ಅದರ ಹೆಚ್ಚಿನ ಕಲಂಗಳು ಜಾರಿಯಾಗಬೇಕಾದರೆ ಸರ್ಕಾರ ಆಯಾ ಊರನ್ನು ಹೆಸರಿಸಿ ಆದೇಶ ಹೊರಡಿಸಬೇಕಿತ್ತು. ಘಟ್ಟದ ಏರಿನಲ್ಲಿ ಬಿದ್ದ ಎತ್ತು ಆ ಕಾಯ್ದೆಯ ಕಣ್ಣಿಗೆ ಬೀಳುವಂತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಹಳೆಯ ಕಾಯ್ದೆಯನ್ನು ಕಿತ್ತುಹಾಕಲು ಹೊರಟವರು ಭರತನಾಟ್ಯದ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಖಾಸಗಿ ಮಸೂದೆಯೊಂದನ್ನು ತಂದರು. ಸರ್ಕಾರವೇ ಮಸೂದೆ ತರುತ್ತದೆ ಎಂಬ ಭರವಸೆ ನೆಹರೂ ಅವರಿಂದ ಸಿಕ್ಕಿದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಹಾಗೆ ಬಂದದ್ದೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರಡಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು, ರುಕ್ಮಿಣಿದೇವಿಯವರೇ ಮೊದಲ ಅಧ್ಯಕ್ಷರಾದರು. ಬೀದಿ, ಮನೆ ಎಂಬ ಭೇದ ಹೋಗಿ, ಪ್ರಾಣಿಯನ್ನು ಸಾಕಿದವನಿಗೆ ಅದರ ಯೋಗಕ್ಷೇಮದ ಹೊಣೆಯಿದೆ ಎಂದು ಭಾರತದ ಕಾನೂನು ಸ್ಪಷ್ಟವಾಗಿ ಹೇಳಿತು.

ಆದರೆ ಹೊಣೆ ಹೇಳಿದ ಕಾಯ್ದೆ ಕೈಗೆ ಬಲ ಕೊಡಲಿಲ್ಲ. 50 ರೂಪಾಯಿಯ ದಂಡವನ್ನು ಆಗಲೇ ಹೇಳಿದೆ. ಮೂರು ವರ್ಷದೊಳಗೆ ಮತ್ತೆ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳ ಸಜೆ, ಅಥವಾ ಎರಡೂ. 11ನೇ ಕಲಮಿನ ಅಡಿ ಬರುವ ಹೆಚ್ಚಿನ ತಪ್ಪುಗಳಲ್ಲಿ, ಹೊಡೆಯುವುದು, ಮಿತಿಮೀರಿ ಭಾರ ಹೇರುವುದು, ಹಸಿವಿಗೆ ಕೆಡವುವುದು ಸೇರಿ, ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತಾವಾಗಿ ತನಿಖೆ ನಡೆಸುವಂತಿಲ್ಲ. ಪ್ರಾಣಿಯನ್ನು ಕೊಂದರೆ, ಅಂಗಹೀನ ಮಾಡಿದರೆ ಭಾರತೀಯ ದಂಡ ಸಂಹಿತೆಯ 428, 429ನೇ ಕಲಂಗಳಿದ್ದವು, ನಿಜ. ಎತ್ತು, ಎಮ್ಮೆ, ಕುದುರೆ, ಆನೆಗಳಾದರೆ ಐದು ವರ್ಷದವರೆಗೆ ಶಿಕ್ಷೆ. ಆದರೆ ಆ ಕಲಂಗಳು ಕೂತಿದ್ದದ್ದು ಆಸ್ತಿಗೆ ಹಾನಿ ಮಾಡುವ ಅಪರಾಧಗಳ ಸಾಲಿನಲ್ಲಿ. ಕಾನೂನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಯಜಮಾನನ ನಷ್ಟವನ್ನು, ಎತ್ತಿನ ನೋವನ್ನಲ್ಲ. ಇದೇ ಹೊತ್ತಿನಲ್ಲಿ ಕಾಡಿನ ಕಡೆ ಕಾನೂನು ಬಲಿಯುತ್ತ ಹೋಯಿತು. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1972ರಲ್ಲಿ ವನ್ಯಜೀವಿ ಕಾಯ್ದೆ, 2007ರಲ್ಲಿ ಅಣಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೇ ಕಾಳಿ ಎಂಬ ಹೆಸರು.

ಕೊಟ್ಟಿಗೆಯ ಪ್ರಾಣಿಯ ಪಾಲಿಗೆ ಬಾಗಿಲು ತೆರೆದದ್ದು ಒಂದು ಬಳಸು ದಾರಿಯಿಂದ, ಅದನ್ನು ತೋರಿಸಿದ್ದು ಕರಡಿ. 1960ರ ಕಾಯ್ದೆಯ 22ನೇ ಕಲಂ ಪ್ರಕಾರ, ಇಂಥ ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು. 1998ರಲ್ಲಿ ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆ ಪಟ್ಟಿಗೆ ಸೇರಿಸಿದರು. ಸರ್ಕಸ್‌ನವರು ಕೋರ್ಟಿಗೆ ಹೋದರು. 2000ದಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆಯನ್ನು ಎತ್ತಿಹಿಡಿದವು. ಕರಡಿ ಕುಣಿಸುವ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬಿಗೆ ನೆರವು ಕೊಟ್ಟು ಕರಡಿಗಳನ್ನು ಬಿಡಿಸಿಕೊಳ್ಳುವ ಕೆಲಸ ಆಗ ವೇಗ ಪಡೆಯಿತು. ದೇಶದ ಕೊನೆಯ ಕುಣಿಯುವ ಕರಡಿ ಎನಿಸಿದ ರಾಜು 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ ಸೇರಿತು. ನಾಲ್ಕು ನೂರು ವರ್ಷಗಳಿಗೂ ಹಳೆಯದು ಎನ್ನುವ ವೃತ್ತಿಯೊಂದು ಕಲ್ಲು ತೂರಾಟವಿಲ್ಲದೆ ಮುಗಿದದ್ದಕ್ಕೆ ಕಾರಣ ಕೋರ್ಟಿನ ತೀರ್ಪು ಮಾತ್ರವಲ್ಲ, ಕರಡಿ ಬಿಟ್ಟವನ ಮನೆಯ ಒಲೆ ಆರಬಾರದು ಎಂದು ಯೋಚಿಸಿದವರಿದ್ದರು. ಮುಂದೆ ಗೂಳಿಯ ಸರದಿ ಬಂದಾಗ ಅಷ್ಟು ಯೋಚನೆ ಯಾರೂ ಮಾಡಲಿಲ್ಲ ಎಂಬುದು ನನ್ನ ಕೊರಗು.

ಜೋಯಿಡಾದ ಗಡಿಗೆ ಹತ್ತಿದ ಗೋವಾದಲ್ಲಿ ಇನ್ನೊಂದು ಮೇಳ ನಡೆದಿತ್ತು. ಎರಡು ಗೂಳಿಗಳನ್ನು ಎದುರುಬದುರು ಬಿಟ್ಟು ಕಾದಾಡಿಸುವ ಧಿರಿಯೊ ಎಂಬ ಆಟವನ್ನು ಮುಂಬಯಿ ಹೈಕೋರ್ಟಿನ ಗೋವಾ ಪೀಠ 1996ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 11ನೇ ಕಲಂ ಅಡಿ ನೇರ ಅಪರಾಧ, ಹಾಗಾಗಿ ತೀರ್ಪಿಗೆ ಹೆಚ್ಚು ಸುತ್ತಿಬಳಸುವ ಅಗತ್ಯ ಬೀಳಲಿಲ್ಲ. ಆದರೆ ಗೂಳಿ ಗೂಳಿಯೊಡನೆ ಕಾದದೆ ಮನುಷ್ಯನೊಡನೆ ಓಡಿದರೆ? ಜೊತೆ ಕಟ್ಟಿ ಗಾಡಿ ಎಳೆದು ಓಡಿದರೆ? 2011ರ ಜುಲೈ 11ರಂದು ಕೇಂದ್ರ ಸರ್ಕಾರ 22ನೇ ಕಲಮಿನ ಪಟ್ಟಿಗೆ ಗೂಳಿಯನ್ನೂ ಸೇರಿಸಿತು. ಕರಡಿಯ ಪಕ್ಕಕ್ಕೆ ಗೂಳಿ ಬಂದು ನಿಂತದ್ದೇ ಮುಂದಿನ ಎಲ್ಲಕ್ಕೂ ಮೂಲ.

2014ರ ಮೇ 7ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರ ಪೀಠ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ನಡುವಿನ ಪ್ರಕರಣದ ತೀರ್ಪು ಕೊಟ್ಟಿತು. ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡೂ ನಿಂತವು. ತಮಿಳುನಾಡಿನ 2009ರ ಜಲ್ಲಿಕಟ್ಟು ಕಾಯ್ದೆ ರದ್ದಾಯಿತು. ಈ ತೀರ್ಪನ್ನು ಓದಿದರೆ ಅದರ ಗಮನ ಮನುಷ್ಯನಿಂದ ಪ್ರಾಣಿಯತ್ತ ಹೊರಳಿದ್ದು ತಿಳಿಯುತ್ತದೆ. ಗೂಳಿ, ಎತ್ತುಗಳ ದೇಹ ಕುದುರೆಯಂತೆ ಓಡಲು ಆದದ್ದಲ್ಲ, ನಡೆಯಲು, ಎಳೆಯಲು ಆದದ್ದು ಎಂದು ಅದು ಗಮನಿಸಿತು. ಅವು ಓಡುವುದು ಹುರುಪಿನಿಂದಲ್ಲ, ಹೆದರಿಕೆಯಿಂದ ಎಂದಿತು. ಹಸಿವು, ಅಸೌಖ್ಯ, ನೋವು, ಭಯಗಳಿಂದ ಬಿಡುಗಡೆ, ತನ್ನ ಸಹಜ ಸ್ವಭಾವದಂತೆ ಬದುಕುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ನಮ್ಮ ಕಾಯ್ದೆಯೊಳಗೇ ಓದಿತು. ಮನರಂಜನೆ ಅಗತ್ಯವಲ್ಲ, ಆದ್ದರಿಂದ ಅದಕ್ಕಾಗಿ ಕೊಟ್ಟ ನೋವು ಅನಗತ್ಯ ನೋವೇ ಎಂಬುದು ಅದರ ತರ್ಕದ ಸಾರ. ಶಿಕ್ಷೆಯನ್ನು ಹೆಚ್ಚಿಸುವಂತೆ ಸಂಸತ್ತಿಗೆ ಹೇಳಿತು. ಸಂಸತ್ತು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. 2022ರ ನವೆಂಬರಿನಲ್ಲಿ ಘೋರ ಹಿಂಸೆಗೆ ವರ್ಷಗಟ್ಟಲೆ ಸಜೆ ಸೂಚಿಸುವ ಕರಡು ಮಸೂದೆ ಪ್ರಕಟವಾದರೂ ಅದು ಕಾಯ್ದೆಯಾಗಲಿಲ್ಲ.

ತೀರ್ಪಿನ ಬಿಸಿ ಕರ್ನಾಟಕಕ್ಕೆ ಪೂರ್ತಿ ತಟ್ಟಿದ್ದು ಎರಡು ವರ್ಷದ ನಂತರ. 2016ರ ಜನವರಿ 7ರಂದು ಕೇಂದ್ರ ಸರ್ಕಾರ ಜಲ್ಲಿಕಟ್ಟಿಗೂ, ಕರ್ನಾಟಕ ಸೇರಿ ಕೆಲವು ರಾಜ್ಯಗಳ ಗಾಡಿ ಓಟಕ್ಕೂ ವಿನಾಯಿತಿ ಕೊಟ್ಟಿತು. ಐದೇ ದಿನದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ವರ್ಷದ ನವೆಂಬರ್ 22ರಂದು, ಪ್ರಾಣಿಹಕ್ಕುಗಳ ಸಂಸ್ಥೆ ಪೆಟಾದ ಅರ್ಜಿಯ ಮೇಲೆ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸುಭ್ರೊ ಕಮಲ್ ಮುಖರ್ಜಿ ಅವರ ನೇತೃತ್ವದ ಪೀಠ ಕಂಬಳಕ್ಕೆ ಮಧ್ಯಂತರ ತಡೆ ನೀಡಿತು. ಕಂಬಳದ ಹಂಗಾಮು ಆಗಷ್ಟೇ ಕಾಲಿಡುತ್ತಿತ್ತು. ಕೆಸರುಗದ್ದೆ ಹದಮಾಡಿ, ಹಗ್ಗ, ನೇಗಿಲು, ಅಡ್ಡಹಲಗೆಯ ಓಟಕ್ಕೆ ಕೋಣಗಳನ್ನು ಸಜ್ಜುಗೊಳಿಸಿದ್ದವರು ಕೋಣಗಳ ಮೈ ಉಜ್ಜುತ್ತ ಕೂರಬೇಕಾಯಿತು.

ಚೆನ್ನೈನ ಮರೀನಾ ಕಡಲ ದಂಡೆಯಲ್ಲಿ 2017ರ ಜನವರಿಯಲ್ಲಿ ಜನ ಸೇರಿದ್ದು, ತಮಿಳುನಾಡು ಸುಗ್ರೀವಾಜ್ಞೆ ತಂದದ್ದು ಕರಾವಳಿಗೂ ಧೈರ್ಯ ಕೊಟ್ಟಿತು. ಜನವರಿ 28ರಂದು ಮೂಡುಬಿದಿರೆಯಲ್ಲಿ ಕೋಣಗಳ ಜೊತೆಗೇ ಜನ ಬೀದಿಗಿಳಿದರು. ಫೆಬ್ರುವರಿ 13ರಂದು ಕರ್ನಾಟಕ ವಿಧಾನಸಭೆ ತಿದ್ದುಪಡಿ ಮಸೂದೆಯನ್ನು ಒಪ್ಪಿತು. ಕೇಂದ್ರದ ಆಕ್ಷೇಪ, ಮತ್ತೊಂದು ಸುಗ್ರೀವಾಜ್ಞೆ, ನವೆಂಬರಿನಲ್ಲಿ ಎರಡನೇ ತಿದ್ದುಪಡಿ ಮಸೂದೆ ಎಲ್ಲ ದಾಟಿ 2018ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ತಿದ್ದುಪಡಿ ಬಾಗಿಲು ತೆರೆದದ್ದು ಕಂಬಳಕ್ಕೆ ಮಾತ್ರವಲ್ಲ. ಯಾವ ಹೆಸರಿನಿಂದಲೇ ಕರೆದರೂ ಸರಿ, ಹೋರಿಗಳ ಓಟ, ಎತ್ತಿನ ಗಾಡಿ ಓಟವನ್ನೂ ಸೇರಿಸಿಕೊಂಡಿತು. ಷರತ್ತು ಒಂದೇ: ಪ್ರಾಣಿಗೆ ಅನಗತ್ಯ ನೋವು, ಯಾತನೆ ಆಗಬಾರದು. ಧಾರವಾಡ ಸೀಮೆಯ ಖಾಲಿ ಗಾಡಾ ಓಟದವರು, ದೀಪಾವಳಿಗೆ ಹೋರಿ ಬಿಡುವವರು ಆಶೆ ಇಟ್ಟುಕೊಂಡದ್ದು ಈ ಸಾಲಿನ ಮೇಲೆ.

ಸಂಪ್ರದಾಯ ಎಂಬ ಮಾತು ಆ ದಿನಗಳಲ್ಲಿ ಬಹಳ ಸಲ ಕೇಳಿಬಂತು. ಅದೇ ಸಂಪ್ರದಾಯದೊಳಗೆ ಒಂದು ಕಾಲಕ್ಕೆ ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಗದ್ದೆಯ ಬಳಿ ಚಳಿಯಲ್ಲಿ ಕೂರಿಸುತ್ತಿದ್ದರು, ಕೋಣಗಳಿಗಿಂತ ಮೊದಲು ಗದ್ದೆಯಲ್ಲಿ ಓಡಿಸುತ್ತಿದ್ದರು. ಅಂಥ ಅಮಾನವೀಯ ಪದ್ಧತಿಗಳನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಕಾಯ್ದೆ ಬಂದ ಮೇಲೂ ಕಂಬಳ ಉಳಿಯಿತು. ಒಂದು ಆಚರಣೆಯ ಒಳಗಿನ ಹಿಂಸೆಯನ್ನು ತೆಗೆದುಹಾಕಿಯೂ ಆಚರಣೆಯನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಕಂಬಳದ ಇತಿಹಾಸವೇ ಸಾಕ್ಷಿ ಕೊಡುತ್ತದೆ. ಆ ಸಾಕ್ಷ್ಯವನ್ನು ಎರಡೂ ಕಡೆಯವರು ಬಳಸಿಕೊಳ್ಳಲಿಲ್ಲ.

ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ಮೂರೂ ತಿದ್ದುಪಡಿಗಳು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದವು. 2022ರ ಡಿಸೆಂಬರಿನಲ್ಲಿ ವಾದ ಮುಗಿದು, 2023ರ ಮೇ 18ರಂದು ನ್ಯಾಯಮೂರ್ತಿ ಅನಿರುದ್ಧ ಬೋಸ್ ಬರೆದ ಒಮ್ಮತದ ತೀರ್ಪು ಹೊರಬಿತ್ತು. ಮೂರೂ ಕಾಯ್ದೆಗಳು ಉಳಿದವು. 2014ರಲ್ಲಿ ಕಂಡ ದೋಷವನ್ನು ತಿದ್ದುಪಡಿಗಳು ನಿವಾರಿಸಿವೆ, ಆಟಗಳು ಈಗ ಮೊದಲಿನ ರೂಪದಲ್ಲಿಲ್ಲ ಎಂದಿತು ಪೀಠ. ಒಂದು ಆಟ ಸಂಸ್ಕೃತಿಯ ಭಾಗವೇ ಅಲ್ಲವೇ ಎಂಬುದನ್ನು ಶಾಸನಸಭೆ ನಿರ್ಧರಿಸಲಿ, ಕೋರ್ಟು ಅಲ್ಲ ಎಂದಿತು. ಪ್ರಾಣಿಗೆ ಸಂವಿಧಾನದ ಮೂಲಭೂತ ಹಕ್ಕು ಇದೆ ಎಂಬ ವಾದವನ್ನು ಒಪ್ಪಲಿಲ್ಲ. ಕಾಯ್ದೆಯ ಷರತ್ತುಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾಡಳಿತಗಳ ಮೇಲೆ ಹಾಕಿತು.

ಕಾನೂನು ಪಂಡಿತರ ನಡುವೆ ಈ ಎರಡು ತೀರ್ಪುಗಳ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. 2014ರಲ್ಲಿ ಮುಂದಿಟ್ಟ ಹೆಜ್ಜೆಯನ್ನು 2023 ಹಿಂದಕ್ಕೆ ತೆಗೆದುಕೊಂಡಿತು ಎನ್ನುವವರಿದ್ದಾರೆ. ಅವರು 2018ರ ಉತ್ತರಾಖಂಡ, 2019ರ ಪಂಜಾಬ್–ಹರಿಯಾಣ ಹೈಕೋರ್ಟುಗಳ ತೀರ್ಪುಗಳತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ಪ್ರಾಣಿಗಳನ್ನು ಕಾನೂನಿನ ಕಣ್ಣಿಗೆ ವ್ಯಕ್ತಿಯಂತೆ ಪರಿಗಣಿಸಿ, ಮನುಷ್ಯರನ್ನು ಅವುಗಳ ಪಾಲಕರ ಸ್ಥಾನದಲ್ಲಿ ನಿಲ್ಲಿಸಲಾಗಿತ್ತು. ಇನ್ನೊಂದು ಕಡೆಯವರು, ಲಕ್ಷಾಂತರ ಕೋಳಿಗಳನ್ನು ಪಂಜರದಲ್ಲಿ ಸಾಕುವ ಉದ್ಯಮವನ್ನು ಬಿಟ್ಟು ರೈತನ ಹಬ್ಬದ ಮೇಲೇ ಕೋರ್ಟು ಕಣ್ಣಿಡುವುದೇಕೆ ಎಂದು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಕೋಳಿಯ ಪರವಾಗಿ ಇನ್ನೊಂದು ಅರ್ಜಿ ಹಾಕಲು ಕಾರಣವಾಗಬೇಕು, ಹೋರಿಯ ಪರವಾಗಿ ಹಾಕಿದ ಅರ್ಜಿ ಹಿಂದಕ್ಕೆ ಪಡೆಯಲು ಅಲ್ಲ.

ಈ ನಡುವೆ ಕಾಡಿನ ಕಾನೂನು ಎಷ್ಟು ಚುರುಕು ಎಂಬುದೂ ಕಂಡಿತು. 2021ರ ಜುಲೈ ಕೊನೆಗೆ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಗೋಣಿಚೀಲಗಳಲ್ಲಿ ಕಟ್ಟಿ ರಸ್ತೆ ಬದಿಗೆ ಎಸೆದ 38 ಮಂಗಗಳ ಶವ ಸಿಕ್ಕಾಗ ಕರ್ನಾಟಕ ಹೈಕೋರ್ಟ್ ಯಾರೂ ಅರ್ಜಿ ಹಾಕುವ ಮೊದಲೇ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. 2025ರ ಜೂನ್ 26ರಂದು ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತಾಗ ಕೆಲವೇ ದಿನಗಳಲ್ಲಿ ಬಂಧನಗಳಾದವು. ಸರಿಯಾಗಿಯೇ ಆಯಿತು. ಅದೇ ವೇಗ ಹಳಿಯಾಳದ ಸಂತೆಗೆ ಇಕ್ಕಟ್ಟಿನ ಲಾರಿಯಲ್ಲಿ ಕಾಲು ಮುರಿದುಕೊಂಡು ಬಂದ ಎತ್ತಿಗೆ ಸಿಗಬೇಕೆಂದು ಬಯಸುವುದು ಅತಿಯಾಸೆಯಲ್ಲ.

2023ರ ತೀರ್ಪಿನ ನಿಜವಾದ ಪರಿಣಾಮವನ್ನು ದೆಹಲಿಯಲ್ಲಿ ಹುಡುಕಬಾರದು, ಮುಂಡಗೋಡದಂಥ ತಾಲ್ಲೂಕಿನಲ್ಲಿ ಹುಡುಕಬೇಕು. ಹಾನಗಲ್ಲ, ಶಿಗ್ಗಾವಿಗೆ ಹೊಂದಿಕೊಂಡ ಈ ಬಯಲು ಅಂಚಿನಲ್ಲಿ ದೀಪಾವಳಿಯ ಪಾಡ್ಯ ಕಳೆದ ಮೇಲೆ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿ ಮಗನಂತೆ ಸಾಕಿದ ಹೋರಿಗೆ ಝೂಲಾ ಹೊದಿಸಿ, ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಹೆಸರಿನ ಫಲಕ ಹಚ್ಚಿ ಅಖಾಡಕ್ಕೆ ಬಿಡುತ್ತಾರೆ. ಎರಡು ಬದಿ ಸಾವಿರಾರು ಜನ. ಕೊಬ್ಬರಿ ಹರಿಯಲು ಮೇಲೆ ಬೀಳುವ ಹುಡುಗರಿಂದ ತಪ್ಪಿಸಿಕೊಂಡು ಓಡಿದ ಹೋರಿ ಗೆದ್ದಂತೆ. ಹೋರಿ ಸತ್ತರೆ ಊರೇ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ. ಈ ಪ್ರೀತಿ ಸುಳ್ಳಲ್ಲ. ಕೂಗಿಗೆ, ಪಟಾಕಿಗೆ ಬೆದರಿ ಓಡುವ ಹೋರಿಯ ಕಣ್ಣಿನ ಭಯವೂ ಸುಳ್ಳಲ್ಲ. ಹಬ್ಬದಲ್ಲಿ ಹೋರಿ ತಿವಿದು ಜನ ಸಾಯುವ ಸುದ್ದಿಯೂ ದೀಪಾವಳಿ ದೀಪಾವಳಿಗೂ ಬರುತ್ತದೆ.

ಇದು ಕಾಯ್ದೆ ಹೇಳುವ ಹೋರಿಗಳ ಓಟವೇ? ಇಲ್ಲಿ ಹೋರಿ ಇನ್ನೊಂದು ಹೋರಿಯೊಡನೆ ಓಡುವುದಿಲ್ಲ, ಗುಂಪಿನಿಂದ ಪಾರಾಗಲು ಓಡುತ್ತದೆ. ಯಾವ ಹೆಸರಿನಿಂದ ಕರೆದರೂ ಎಂಬ ಸಾಲು ಅದನ್ನು ಒಳಗೆ ತರುತ್ತದೆ ಎನ್ನಬಹುದು, ಅನಗತ್ಯ ಯಾತನೆ ಕೂಡದು ಎಂಬ ಸಾಲು ಅದನ್ನು ಹೊರಗಿಡುತ್ತದೆ ಎಂದೂ ಹೇಳಬಹುದು. ಈ ತೀರ್ಮಾನ ಈಗ ಬೀಳುವುದು ಅನುಮತಿ ಪತ್ರಕ್ಕೆ ಸಹಿ ಹಾಕುವ ತಹಶೀಲ್ದಾರರ, ಅಖಾಡದ ಬದಿಗೆ ನಿಲ್ಲುವ ಪಶುವೈದ್ಯರ, ಠಾಣೆಯ ಪಿಎಸ್‌ಐ ಅವರ ಹೆಗಲ ಮೇಲೆ. ಅವರು ಬೇಡ ಎಂದರೆ ಊರು ಎದುರು ನಿಲ್ಲುತ್ತದೆ, ಸುಮ್ಮನಿದ್ದರೆ ಹೋರಿಯ ಪರವಾಗಿ ಕೇಳುವವರೇ ಇರುವುದಿಲ್ಲ. ಸುಪ್ರೀಂ ಕೋರ್ಟು ಐವರು ನ್ಯಾಯಮೂರ್ತಿಗಳನ್ನು ಕೂರಿಸಿ ಬಗೆಹರಿಸಿದ ವಿಷಯವನ್ನು ಹಬ್ಬದ ದಿನ ಒಬ್ಬ ಪಶುವೈದ್ಯ ಒಂಟಿಯಾಗಿ ಬಗೆಹರಿಸಬೇಕಾಗಿದೆ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 428, 429 ಎರಡೂ ಸೇರಿ 325ನೇ ಕಲಂ ಆಗಿವೆ. ಪ್ರಾಣಿಗೆ ಹತ್ತು ರೂಪಾಯಿ, ಐವತ್ತು ರೂಪಾಯಿ ಬೆಲೆ ಇರಬೇಕೆಂಬ ಹಳೆಯ ಲೆಕ್ಕ ಹೋಗಿದೆ. ಯಾವ ಪ್ರಾಣಿಯನ್ನು ಕೊಂದರೂ, ಊನ ಮಾಡಿದರೂ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಇದು ಸಣ್ಣ ಬದಲಾವಣೆಯಲ್ಲ, ಬೀದಿ ನಾಯಿಯ ಮಟ್ಟಿಗಂತೂ ದೊಡ್ಡದೇ. ಆದರೆ ಸಾಯದೆ, ಊನವಾಗದೆ ನೋವನ್ನಷ್ಟೇ ಉಂಡ ಪ್ರಾಣಿಗೆ ಉಳಿದಿರುವುದು 1960ರ ಕಾಯ್ದೆಯೇ, ಅದರ 50 ರೂಪಾಯಿಯೇ. ಆ ಕಾಯ್ದೆಯ 36ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಅಪರಾಧ ನಡೆದು ಮೂರು ತಿಂಗಳು ಕಳೆದ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ದೀಪಾವಳಿ ಪಾಡ್ಯದಂದು ಮುಂಡಗೋಡದಲ್ಲಿ ಏಟು ತಿಂದ ಹೋರಿಯ ಪರವಾಗಿ ಯಾರಾದರೂ ದೂರು ಕೊಡುವುದಾದರೆ ಫೋಟೊ, ಪಶುವೈದ್ಯರ ವರದಿ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಕೂಡಿಸಿ ಸಂಕ್ರಾಂತಿಯ ಹೊತ್ತಿಗೇ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಶಿವರಾತ್ರಿಗೆ ಹೋದರೆ ಅವಧಿ ಮುಗಿದಿರುತ್ತದೆ.